ಬಂಗ್ಲಾ ಕ್ರಾಸಿಗೆ ಬಂದ ಲಾರಿ

ಆ ವರ್ಷ ಮಳೆ ಕೈಕೊಟ್ಟಿತ್ತು. 2015. ಸೋಯಾ ಮೊಣಕಾಲೆತ್ತರ ಬರುವ ಮೊದಲೇ ಹಳದಿ ಬಿತ್ತು. ಉದ್ದು, ಹೆಸರು ಬಿತ್ತಿದವರಿಗೆ ಹಾಕಿದ ಬೀಜವೂ ತಿರುಗಿ ಬರಲಿಲ್ಲ. ಮುಂದಿನ ಏಪ್ರಿಲ್‌ನಲ್ಲಿ ನಮ್ಮ ಗಡಿಯಾಚೆಯ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ತಂದರಲ್ಲ, ಅದೇ ಬರಗಾಲ. ನಾವು ಮೂವರು ಹುಡುಗಿಯರು ಹುಮನಾಬಾದಿನಲ್ಲಿ ಒಂದು ಖೋಲಿ ಹಿಡಿದು ಬಿ.ಎ. ಓದುತ್ತಿದ್ದೆವು. ಹೆಸರಿಗಿಂತ ಊರಿನಿಂದಲೇ ಒಬ್ಬರನ್ನೊಬ್ಬರು ಕರೆಯುತ್ತಿದ್ದೆವು. ನಾನು ಹಳ್ಳಿಖೇಡದಾಕಿ, ಹಳ್ಳಿಖೇಡಕ್ಕೂ ಆಚೆಯ ಸಣ್ಣ ಹಳ್ಳಿಯವಳು. ಇನ್ನೊಬ್ಬಳು ಚಿಟಗುಪ್ಪದಾಕಿ. ಮೂರನೆಯವಳು ಕಲ್ಯಾಣದಾಕಿ. ಬಸವಕಲ್ಯಾಣಕ್ಕೆ ನಮ್ಮ ಕಡೆ ಯಾರೂ ಪೂರ್ತಿ ಹೆಸರು ಹೇಳುವುದಿಲ್ಲ, ಕಲ್ಯಾಣ ಅಂದರೆ ಸಾಕು.

ಬರಗಾಲ ಖೋಲಿಯೊಳಗೆ ಹೇಗೆ ಬಂತು ಅಂದರೆ ಬುತ್ತಿಯ ಗಂಟಿನಲ್ಲಿ ಬಂತು. ನಮ್ಮ ಅವ್ವಂದಿರು ವಾರಕ್ಕೆರಡು ಸಲ ಊರಿನ ಬಸ್ಸಿಗೆ ಬುತ್ತಿ ಇಡುತ್ತಿದ್ದರು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಣ ಖಾರ. ಕಂಡಕ್ಟರ್ ಅಣ್ಣ ಸ್ಟ್ಯಾಂಡಿನಲ್ಲಿ ಇಳಿಸಿ ಹೋಗುತ್ತಿದ್ದ. ದಸರೆ ಹೊತ್ತಿಗೆ ಗಂಟು ಸಣ್ಣದಾಯಿತು. ದೀಪಾವಳಿ ಮುಗಿದ ಮೇಲೆ ಕಲ್ಯಾಣದಾಕಿಯ ಗಂಟು ಬರುವುದೇ ನಿಂತಿತು. ಅವಳು ಏನೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ "ನಂಗ್ ಹಸಿವಿಲ್ಲ, ಮಧ್ಯಾಹ್ನ ಹೆಚ್ಚಾಗ್ಯದ" ಅನ್ನುತ್ತಿದ್ದಳು. ಮಧ್ಯಾಹ್ನ ಅವಳು ಎಲ್ಲಿ ಉಂಡಿದ್ದಳೆಂದು ನಮಗೆ ಗೊತ್ತಿತ್ತು. ಎಲ್ಲಿಯೂ ಉಂಡಿರಲಿಲ್ಲ.

ಕಾಲೇಜು ಓದಿಸುವುದು ಅಂದರೆ ಫೀ ಕಟ್ಟುವುದು ಎಂದು ದೂರದಿಂದ ನೋಡುವವರು ತಿಳಿಯುತ್ತಾರೆ. ಸರ್ಕಾರಿ ಕಾಲೇಜಿನ ಫೀ ನಮ್ಮನ್ನು ಎಂದೂ ಸೋಲಿಸಲಿಲ್ಲ. ಸೋಲಿಸುತ್ತಿದ್ದದ್ದು ಖೋಲಿಯ ಬಾಡಿಗೆ, ಸೀಮೆಎಣ್ಣೆ, ಅಕ್ಕಿ-ಬೇಳೆ, ಝೆರಾಕ್ಸು, ಪರೀಕ್ಷೆಯ ಅರ್ಜಿ. ಒಂದೊಂದೂ ಸಣ್ಣದು. ತಿಂಗಳಿಗೊಮ್ಮೆ ಎಲ್ಲ ಒಟ್ಟಾಗಿ ಬಂದು ನಿಂತಾಗ ಮನೆಯಲ್ಲಿ ಹಿರಿಯರು ಒಂದೇ ಮಾತು ಹೇಳುತ್ತಿದ್ದರು: "ಸಾಕು ಬಾ, ಓದಿದ್ದು ಸಾಕು." ಗಂಡುಮಕ್ಕಳಿಗೆ ಈ ಮಾತು ತಡವಾಗಿ ಬರುತ್ತದೆ, ಹೆಣ್ಣುಮಕ್ಕಳಿಗೆ ಬೇಗ.

ನಾನು ಮತ್ತು ಚಿಟಗುಪ್ಪದಾಕಿ ಉಳಿದುಕೊಂಡದ್ದು ಸರ್ಕಾರದ ದುಡ್ಡಿನಿಂದ. ಇದನ್ನು ಬಾಯ್ತುಂಬ ಹೇಳುತ್ತೇನೆ. ಅವಳಿಗೆ ಪರಿಶಿಷ್ಟ ಜಾತಿಯವರಿಗಿರುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಬರುತ್ತಿತ್ತು. ನನಗೆ ವಿದ್ಯಾಸಿರಿ. ಹಿಂದುಳಿದ ವರ್ಗದ ಮಕ್ಕಳು ಹಾಸ್ಟೆಲಿಗೆ ಅರ್ಜಿ ಹಾಕಿ ಸೀಟು ಸಿಗದೆ ಹೊರಗೆ ಉಳಿದರೆ, ಊಟ-ವಸತಿಗೆಂದು ಆಗ ತಿಂಗಳಿಗೆ 1,500 ರೂಪಾಯಿಯಂತೆ ವರ್ಷದಲ್ಲಿ ಹತ್ತು ತಿಂಗಳು ಕೊಡುತ್ತಿದ್ದ ಯೋಜನೆ ಅದು. 2013-14ರಲ್ಲಿ ಶುರುವಾಗಿತ್ತು. ಹದಿನೈದು ಸಾವಿರ! ನಮ್ಮ ಅಪ್ಪನ ಕೈಯಲ್ಲಿ ಅಷ್ಟು ದುಡ್ಡು ಒಟ್ಟಿಗೆ ನಿಂತದ್ದನ್ನು ನಾನು ನೋಡಿದ್ದು ತೊಗರಿ ಮಾರಿದ ದಿನ ಮಾತ್ರ, ಅದೂ ಸಂಜೆಯವರೆಗೆ.

ಕಲ್ಯಾಣದಾಕಿಗೂ ವಿದ್ಯಾಸಿರಿ ಸಿಗಬೇಕಿತ್ತು. ಹಿಂದುಳಿದ ವರ್ಗದವರ ಬಿಸಿಎಂ ಹಾಸ್ಟೆಲಿನ ಪಟ್ಟಿಯಲ್ಲಿ ಅವಳ ಹೆಸರು ಇರಲಿಲ್ಲ, ಮನೆಯ ಪರಿಸ್ಥಿತಿ ನನಗಿಂತ ಬಿಗಿ. ಆದರೆ ವಿದ್ಯಾಸಿರಿಗೆ ಅರ್ಜಿಯೇ ಹಾಕಿರಲಿಲ್ಲ. ಒಂದು ರಾತ್ರಿ ಕೂರಿಸಿ ಕೇಳಿದಾಗ ಕಾರಣ ಹೊರಬಿತ್ತು: ಜಾತಿ-ಆದಾಯ ಪ್ರಮಾಣಪತ್ರ ಇಲ್ಲ. ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ರೇಷನ್ ಕಾರ್ಡ್ ಕೇಳುತ್ತಾರೆ. ರೇಷನ್ ಕಾರ್ಡ್ ಅಪ್ಪನ ಹತ್ತಿರ. ಅಪ್ಪ ಲಾರಿಯಲ್ಲಿ.

ಕಲ್ಯಾಣ ಲಾರಿಗಳ ಊರು. ಹುಮನಾಬಾದ್ ಕಡೆಯಿಂದ ಹೆದ್ದಾರಿಯಲ್ಲಿ ಹೋದರೆ ಊರು ಸಿಗುವ ಮೊದಲೇ ಲಾರಿ ಕಾಣುತ್ತವೆ. ಬಾಡಿ ಕಟ್ಟುವವರು, ಪಾಟಾ ಕೂರಿಸುವವರು, ಬಣ್ಣ ಬಳಿಯುವವರು. ಎಷ್ಟೋ ಮನೆಗಳ ಗಂಡಸರು ಪುಣೆ, ಮುಂಬೈ, ಹೈದರಾಬಾದ್ ನಡುವೆ ಸ್ಟೇರಿಂಗ್ ಹಿಡಿದು ವರ್ಷ ಕಳೆಯುತ್ತಾರೆ. ಈಕೆಯ ಅಪ್ಪನೂ ಅಂಥವರಲ್ಲೊಬ್ಬ, ಬೇರೆಯವರ ಲಾರಿಗೆ ಡ್ರೈವರ್. ತಮ್ಮನ ಆಟೊ ಸಾಲಕ್ಕೆ ಜಾಮೀನು ನಿಲ್ಲಬೇಕೆಂದು ಮನೆಯ ಕಾಗದಪತ್ರವನ್ನೆಲ್ಲ ಒಂದು ಚೀಲಕ್ಕೆ ಹಾಕಿ ಗಾಡಿಯಲ್ಲಿ ಇಟ್ಟುಕೊಂಡವರು, ಆ ಕೆಲಸ ಮುಗಿದ ಮೇಲೂ ಇಳಿಸಿರಲಿಲ್ಲ. ಅವರ ಬಳಿ ಇದ್ದದ್ದು ಬಟನ್ ಫೋನು, ಫೋಟೊ ತೆಗೆದು ಕಳಿಸುವ ಮಾತಿಲ್ಲ. ಅರ್ಜಿಯ ಕೊನೆಯ ದಿನ ಹತ್ತಿರ ಬಂದಿತ್ತು.

ಚಿಟಗುಪ್ಪದಾಕಿ ಗಟ್ಟಿ ಹುಡುಗಿ. "ಗಾಡಿ ಈ ರೋಡಿಗೇ ಬರ್ತದಲಾ? ಫೋನ್ ಹಚ್ಚು. ಎಲ್ಲಿ ನಿಲ್ಲಿಸ್ತಾರ ಕೇಳು, ನಾವೇ ಹೋಗಿ ನಿಲ್ಲಮು" ಅಂದಳು. ಫೋನು ಹತ್ತಿತು. ಸೊಲ್ಲಾಪುರದಲ್ಲಿ ಮಾಲು ತುಂಬಿಸುತ್ತಿದ್ದಾರೆ, ಮರುದಿನ ಸಂಜೆ ಹೊತ್ತಿಗೆ ಬಂಗ್ಲಾ ದಾಟುತ್ತಾರೆ, ಪರಿಚಯದವರ ಪಂಚರ್ ಅಂಗಡಿಯಲ್ಲಿ ಕಾಯಲು ಹೇಳಿದರು.

ಬಂಗ್ಲಾ ಅಂದರೆ ಸಸ್ತಾಪುರ ಬಂಗ್ಲಾ. ಪುಣೆ-ಹೈದರಾಬಾದ್ ಹೆದ್ದಾರಿಯಿಂದ ಕಲ್ಯಾಣಕ್ಕೆ ತಿರುಗುವ ಜಾಗ. ಹಳಬರು ಇಂದಿಗೂ ಒಂಬತ್ತನೇ ನಂಬರಿನ ರೋಡು ಅನ್ನುತ್ತಾರೆ, ಈಗ ಅದು 65. ನಾವು ಮೂವರೂ ಕ್ಲಾಸು ಮುಗಿಸಿ ಬಸ್ಸು ಹತ್ತಿದೆವು. ಇಳಿದಾಗ ಹೊತ್ತು ಮುಳುಗುತ್ತಿತ್ತು. ಬೀದರ್ ಕಡೆಯ ಚಳಿ ನಿಮಗೆ ಗೊತ್ತಲ್ಲ, ಹೊತ್ತು ಮುಳುಗಿದ ಕೂಡಲೇ ಕಿವಿ ಹಿಡಿಯುತ್ತದೆ. ಪಂಚರ್ ಅಂಗಡಿಯ ಚಾಚಾ ಬಿಳಿ ಗಡ್ಡದ ಮನುಷ್ಯ. ನಮ್ಮನ್ನು ನೋಡಿದ್ದೇ ಒಂದು ಹಳೆಯ ಟೈರನ್ನು ಉರುಳಿಸಿ ತಂದು ಮಲಗಿಸಿ, ಅದರ ಮೇಲೆ ಗೋಣಿಚೀಲ ಹಾಸಿ "ಬೈಟೋ ಬೇಟಾ" ಅಂದರು. ಕಟ್ಟಿಗೆ ಚೂರು ಗುಡ್ಡೆ ಹಾಕಿ ಬೆಂಕಿ ಮಾಡಿದರು. ಹೆಣ್ಣುಮಕ್ಕಳು ಹೆದ್ದಾರಿಯ ಬದಿಗೆ ಕತ್ತಲಲ್ಲಿ ಕೂತಿದ್ದಾರೆಂದು ತಮ್ಮ ಹೆಂಡತಿಯನ್ನೂ ಮನೆಯಿಂದ ಕರೆಸಿದರು. ಆ ಚಾಚಿ ಬಂದು ನಮ್ಮ ನಡುವೆ ಕೂತಳು. ಹೋಗುವವರೆಗೂ ಏಳಲಿಲ್ಲ.

ಕಾಯುವ ಹೊತ್ತಿನಲ್ಲಿ ಚಿಟಗುಪ್ಪದಾಕಿ ಅಂಬೇಡ್ಕರರ ಕಥೆ ತೆಗೆದಳು. 1913ರಲ್ಲಿ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದ ಮೇಲೆ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು, ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷ. ಓದಿ ಬಂದ ಮೇಲೆ ಬರೋಡಾ ಸಂಸ್ಥಾನದ ಚಾಕರಿ ಮಾಡಬೇಕೆಂಬ ಕರಾರು. ಚಾಕರಿಗೆ ಬಂದರೆ ಆ ಊರಲ್ಲಿ ಅವರಿಗೆ ಇರಲು ಒಂದು ಖೋಲಿ ಸಿಗಲಿಲ್ಲ. "ಖೋಲಿ ಸಿಗ್ಲಿಲ್ಲ ನೋಡ್ರಿ, ಅಷ್ಟ್ ಓದಿ ಬಂದೋರಿಗೆ" ಅಂದಳು. ಹುಮನಾಬಾದಿನಲ್ಲಿ ನಾವು ಖೋಲಿ ಹುಡುಕುವಾಗ ಮನೆಯವರು ಮೊದಲು ಅವಳ ಮುಖ ನೋಡಿ ಜಾತಿ ಕೇಳಿದ್ದು ನಮಗೆ ಮೂವರಿಗೂ ನೆನಪಿತ್ತು. ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲಿ ಶುರುವಾದಾಗ ಅಂಬೇಡ್ಕರರು ವೈಸರಾಯ್ ಮಂಡಳಿಯಲ್ಲಿ ಸದಸ್ಯರಾಗಿದ್ದರು. ರಾಜನ ಮನಸ್ಸಿನಿಂದ ಒಬ್ಬನಿಗೆ ಬಂದದ್ದು ಅಲ್ಲಿಂದ ಮುಂದೆ ಸರ್ಕಾರದ ಯೋಜನೆಯಾಗಿ ಸಾವಿರಾರು ಮಕ್ಕಳಿಗೆ ಬರತೊಡಗಿತು. ಅವಳು ಇದನ್ನು ಹೇಳುವಾಗ ಚಾಚಾ ಕೈಯಲ್ಲಿದ್ದ ಟ್ಯೂಬನ್ನು ಹಾಗೇ ಹಿಡಿದು ಕೇಳುತ್ತ ನಿಂತಿದ್ದರು.

ಲಾರಿ ಬಂತು. ಸಿಮೆಂಟ್ ಚೀಲದ ಲೋಡು, ಮೇಲೆ ತಾಡಪತ್ರಿ. ಕಾಕಾ ಇಳಿದು ಬಂದು ಮಗಳನ್ನು ನೋಡಿ ಮೊದಲು ಕೇಳಿದ್ದು "ಉಂಡೇನವ್ವಾ?" ಅಂತ. ಅವಳು ತಲೆಯಾಡಿಸಿದಳು. ಆಮೇಲೆ ಸೀಟಿನ ಹಿಂದಿನಿಂದ ಚೀಲ ತೆಗೆದರು. ಹಾಲಿನ ಪ್ಯಾಕೆಟನ್ನು ಕತ್ತರಿಸಿ ತೊಳೆದು ಮಾಡಿದ ಕವರಿನೊಳಗೆ ರೇಷನ್ ಕಾರ್ಡು. ಮಡಿಕೆಗಳು ಹರಿದು, ಹಿಂದಿನಿಂದ ಪಾರದರ್ಶಕ ಟೇಪು ಹಚ್ಚಿದ್ದರು. ಅಂಚಿನಲ್ಲಿ ಎಣ್ಣೆಯ ಹೆಬ್ಬೆರಳಿನ ಗುರುತು.

ಅರ್ಜಿಯ ಜೊತೆ ವಾರ್ಷಿಕ ವರಮಾನ ಇಷ್ಟು ಎಂದು ಮನೆಯ ಯಜಮಾನರು ಬರೆದು ಸಹಿ ಮಾಡಿ ಕೊಡುವ ಒಂದು ಹಾಳೆಯನ್ನು ನಾನು ಒಯ್ದಿದ್ದೆ. "ವರ್ಷಕ್ಕ ಎಷ್ಟು ಬರ್ತದ್ರಿ ಕಾಕಾ?" ಅಂದೆ. ಅವರು ನಕ್ಕರು. "ವರ್ಷದ್ ಲೆಕ್ಕ ಯಾಂವ್ ಇಟ್ಟಾನವ್ವಾ? ಟ್ರಿಪ್ಪಿಗಿಷ್ಟು, ಭತ್ತೆ ಅಷ್ಟು. ಮಳಿಗಾಲದಾಗ ಗಾಡಿ ನಿಂತ್ರ ಏನೂ ಇಲ್ಲ."

ಚಾಚಾ ಸೀಮೆಸುಣ್ಣ ತಂದರು, ಟೈರಿನ ಮೇಲೆ ಪಂಚರ್ ಆದ ಕಡೆ ಗುರುತು ಹಾಕುವಂಥದ್ದು. ಅಂಗಡಿಯ ತಗಡಿನ ಬಾಗಿಲ ಮೇಲೆ ಲೆಕ್ಕ ಶುರುವಾಯಿತು. ತಿಂಗಳಿಗೆ ಇಷ್ಟು ಟ್ರಿಪ್ಪು, ಟ್ರಿಪ್ಪಿಗೆ ಇಷ್ಟು. ಗಾಡಿ ನಿಂತ ತಿಂಗಳು ತೆಗೆದರು. ಮಾಲಕ ಮುರಿದುಕೊಂಡ ದಂಡ ತೆಗೆದರು. ಚಾಚಾ ಬರೆಯುತ್ತಿದ್ದರು, ಕಾಕಾ ಹೇಳುತ್ತಿದ್ದರು, ಕ್ಲೀನರ್ ಹುಡುಗ ನಡುನಡುವೆ "ಆ ಕೋಲ್ಹಾಪುರದ್ ಟ್ರಿಪ್ ಬಿಟ್ರಿ" ಎಂದು ನೆನಪಿಸುತ್ತಿದ್ದ. ಕೊನೆಗೆ ಕೆಳಗೆ ಒಂದು ಗೆರೆ ಎಳೆದು ಮೊತ್ತ ಬರೆದಾಗ ಕಾಕಾ ಅದನ್ನು ನೋಡಿದರು. ಅಷ್ಟು ವರ್ಷ ದುಡಿದ ಮನುಷ್ಯ ತನ್ನ ಒಂದು ವರ್ಷವನ್ನು ಒಂದೇ ಅಂಕಿಯಾಗಿ ನೋಡಿದ್ದು ಅದೇ ಮೊದಲು. ಅವರ ಮುಖದ ಮೇಲೆ ಬಂದದ್ದನ್ನು ನಾನು ಮರೆತಿಲ್ಲ. "ಇಷ್ಟೇನಾ?" ಅಂದರು.

ಸಹಿ ಮಾಡುವ ಮೊದಲು ಪೆನ್ನು ಹಿಡಿದು ನಿಂತರು. "ಬಡ್ಡಿ ಎಷ್ಟವ್ವಾ ಇದಕ್ಕ?"

"ಬಡ್ಡಿ ಇಲ್ರಿ ಕಾಕಾ. ಇದು ಸಾಲ ಅಲ್ಲ. ತಿರುಗಿ ಕೊಡೋದೇ ಇಲ್ಲ."

"ಪುಕ್ಕಟ್ ಯಾರ್ ಕೊಡ್ತಾರ? ನಾಳಿ ಮನಿ ಮುಂದ್ ಬಂದು ನಿಂತ್ರ? ಒಬ್ಬರ ಹಂಗಿನಾಗ ಮಗಳನ್ನ ಓದಿಸೋದು ನಂಗ್ ಬ್ಯಾಡ."

ನನಗೆ ಉತ್ತರ ಹೊಳೆಯಲಿಲ್ಲ. ಕಾಲೇಜಿನಲ್ಲಿ ಓದಿದ ಕಲ್ಯಾಣರಾಜ್ಯದ ಪಾಠ ಬಾಯಿಗೆ ಬಂದರೂ ಅದನ್ನು ಅವರ ಮುಂದೆ ಹೇಳುವುದು ಹೇಗೆಂದು ತಿಳಿಯಲಿಲ್ಲ. ಚಾಚಾ ಹೇಳಿದರು.

"ಪುಕ್ಕಟ್ ಹ್ಯಾಂಗಾತದ ಭಾಯಿ? ಗಾಡಿಗಿ ಡೀಸೆಲ್ ಹಾಕಸ್ತಿ, ಅದ್ರಾಗ ಸರ್ಕಾರದ್ ಪಾಲು ಹೋಗ್ತದ. ಟೈರಿನಾಗ ಹೋಗ್ತದ. ಟೋಲಿನಾಗ ಹೋಗ್ತದ."

"ಅದೆಲ್ಲ ಮಾಲಕಂದು."

"ಮಾಲಕ ಯಾರ್ ದುಡಿಮ್ಯಾಗಿಂದ ಕೊಡ್ತಾನ? ಹೋಗ್ಲಿ, ನಿನ್ ಬೀಡಿ ನಿಂದಲ್ಲೇನು? ಕಾಡಿಪೆಟ್ಟಿಗಿ ನಿಂದಲ್ಲೇನು? ಮನ್ಯಾಗಿನ್ ಸಬಕಾರ, ಚಹಾಪುಡಿ? ನೀ ಮೀಸಿ ಬಂದಾಗಿಂದ ಕೊಡ್ಲತ್ತಿ. ನಿನ್ ಮಗಳು ಅದ್ರಾಗಿಂದ ನಿಂದೇ ನಾಕ್ ರುಪಾಯಿ ಕೇಳ್ಲತ್ತಾಳ. ಹಂಗು ಯಾರ್ದು ಇದ್ರಾಗ?"

ಕಾಕಾ ಬೆಂಕಿಯನ್ನೇ ನೋಡುತ್ತ ಸ್ವಲ್ಪ ಹೊತ್ತು ಕೂತರು. ಆಮೇಲೆ ಹಾಳೆಯನ್ನು ತೊಡೆಯ ಮೇಲಿಟ್ಟು, ಒಂದೊಂದೇ ಅಕ್ಷರ ಒತ್ತಿ ಸಹಿ ಮಾಡಿದರು.

ಇಷ್ಟು ವರ್ಷವಾದರೂ ವಿದ್ಯಾರ್ಥಿವೇತನದ ಬಗ್ಗೆ ಮಾತು ಬಂದಾಗ ನಾನು ಚಾಚಾನ ಮಾತಿಗೇ ಹೋಗುತ್ತೇನೆ. ಓದಿದವರೂ ದೊಡ್ಡ ಕೆಲಸದಲ್ಲಿರುವವರೂ "ಸರ್ಕಾರ ಬಿಟ್ಟಿ ಕೊಟ್ಟು ಮಕ್ಕಳನ್ನು ಹಾಳು ಮಾಡುತ್ತದೆ" ಎಂದು ಸಲೀಸಾಗಿ ಹೇಳುವುದನ್ನು ಕೇಳಿದ್ದೇನೆ. ಅವರಿಗೆ ಆ ತಗಡಿನ ಬಾಗಿಲು ತೋರಿಸಬೇಕು ಅನಿಸುತ್ತದೆ.

ಹೀಗೆ ಹಂಗಿಲ್ಲದೆ ಕೊಡುವುದು ನಮ್ಮ ನೆಲಕ್ಕೆ ಹೊಸ ವಿಷಯವೂ ಅಲ್ಲ. ಕಲ್ಯಾಣದಲ್ಲಿ ಹನ್ನೆರಡನೇ ಶತಮಾನದಲ್ಲಿ ಬಸವಣ್ಣನವರು ಕಾಯಕದ ಜೊತೆಗೆ ದಾಸೋಹವನ್ನೂ ಇಟ್ಟರು. ಕೊಡುವವನು ತಾನು ದೊಡ್ಡವನೆಂದು ಕೊಡುವುದಲ್ಲ, ತಾನೇ ದಾಸನಾಗಿ ಮುಂದಿಡುವುದು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು, 1890ರಲ್ಲಿ ಹುಟ್ಟಿ 1999ರವರೆಗೆ ಬಾಳಿದ ಹಿರಿಯರು, ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಪ್ರಸಾದ ನಿಲಯ ತೆರೆದು ಬಡಮಕ್ಕಳಿಗೆ ಉಣಿಸಿ ಓದಿಸಿದರು. ನಮ್ಮ ಊರಿನ ಹಿರಿಯರಲ್ಲಿ ಅಕ್ಷರ ಕಲಿತವರೆಂದರೆ ಹೆಚ್ಚಿನವರು ಯಾವುದೋ ಮಠದ ಅನ್ನ ಉಂಡವರೇ. ಮಠದಲ್ಲಿ ಆದಾಯ ಪ್ರಮಾಣಪತ್ರ ಕೇಳುತ್ತಿರಲಿಲ್ಲ, ಹಸಿದ ಮುಖವೇ ಪ್ರಮಾಣಪತ್ರ. ಸರ್ಕಾರಕ್ಕೆ ಮುಖ ಕಾಣುವುದಿಲ್ಲ, ಕಾಗದ ಬೇಕು. ಆದರೆ ಮಠದ ಪಂಕ್ತಿ ಮಠ ಇದ್ದ ಊರಿಗೆ, ಅದೂ ಬಹುಮಟ್ಟಿಗೆ ಗಂಡುಮಕ್ಕಳಿಗೆ. ಹುಮನಾಬಾದಿನ ಖೋಲಿಯಲ್ಲಿ ಕೂತ ಮೂರು ಜಾತಿಯ ಮೂರು ಹುಡುಗಿಯರ ತನಕ ಬಂದದ್ದು ಸರ್ಕಾರದ ಕಾಗದವೇ.

ಆ ರಾತ್ರಿ ನಾವು ಕಲ್ಯಾಣದಲ್ಲಿ ಅವಳ ಅತ್ತೆಯ ಮನೆಯಲ್ಲಿ ಉಳಿದೆವು. ಮರುದಿನ ನಾಡಕಚೇರಿಯ ಬಾಗಿಲು ತೆಗೆಯುವ ಮೊದಲೇ ಹೋಗಿ ಸಾಲಿನಲ್ಲಿ ನಿಂತೆವು. ಅರ್ಜಿ ಕೊಟ್ಟು, ತಲಾಠಿಯನ್ನು ಹುಡುಕಿ, ವರದಿ ಹಾಕಿಸಿದೆವು. ಪ್ರಮಾಣಪತ್ರ ಕೈಗೆ ಬಂತು. ಕಾಲೇಜಿನಲ್ಲಿ ನಮ್ಮ ಸರ್ ಒಬ್ಬರು ಬಿಡುವಿನ ಹೊತ್ತಿನಲ್ಲಿ ತಾವೇ ಕೂತು ಅರ್ಜಿ ತುಂಬಿಸಿದರು. ಅಂಕಪಟ್ಟಿಯಲ್ಲಿ ಒಂದು ಸ್ಪೆಲಿಂಗು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು ಇತ್ತು. ಅದನ್ನು ಸರಿಪಡಿಸಲು ಮತ್ತಷ್ಟು ಓಡಾಟ.

ದುಡ್ಡು ಕೂಡಲೇ ಬರಲಿಲ್ಲ, ಬರುವ ರೀತಿಯೂ ಅದಲ್ಲ. ಹಸಿವು ದಿನಕ್ಕೆರಡು ಸಲ ಬರುತ್ತದೆ, ವಿದ್ಯಾರ್ಥಿವೇತನ ವರ್ಷಕ್ಕೊಂದು ಸಲ. ಈ ನಡುವಿನ ಹಳ್ಳವನ್ನು ಯಾರಾದರೂ ದಾಟಿಸಬೇಕು. ಆ ವರ್ಷ ನಾವು ದಾಟಿದ್ದು ಹೀಗೆ: ಚಿಟಗುಪ್ಪದಾಕಿಗೆ ಬಂದ ದುಡ್ಡಿನಲ್ಲಿ ಮೂವರ ಅಕ್ಕಿ ಬಂತು. ಅದು ಮುಗಿಯುವ ಹೊತ್ತಿಗೆ ನನ್ನದು ಬಂತು, ಬಾಡಿಗೆಗೆ ಹೋಯಿತು. ಕೊನೆಗೆ ಕಲ್ಯಾಣದಾಕಿಯದು ಬಂದಾಗ ಬೇಸಿಗೆ, ಪರೀಕ್ಷೆ ಹತ್ತಿರ. ಯಾರು ಎಷ್ಟು ಹಾಕಿದರು ಎಂಬ ಲೆಕ್ಕ ನಾವು ಇಡಲಿಲ್ಲ. ಒಂದೇ ಪಾತ್ರೆಯಲ್ಲಿ ಉಂಡೆವು. ಜಾತಿಯ ಹೆಸರಿನಲ್ಲಿ ಬೇರೆ ಬೇರೆ ಇಲಾಖೆಗಳಿಂದ ಬಂದ ದುಡ್ಡು ಒಂದೇ ಸ್ಟೋವಿನ ಮೇಲೆ ಬೆಂದದ್ದನ್ನು ನೆನೆದರೆ ಈಗಲೂ ಎದೆ ತುಂಬುತ್ತದೆ.

ಕಲ್ಯಾಣದಾಕಿ ತನ್ನ ಖಾತೆಗೆ ದುಡ್ಡು ಬಂದ ದಿನ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬಂದು, ಮೊದಲು ಪರೀಕ್ಷೆಯ ಫೀ ಕಟ್ಟಿದಳು. ಆಮೇಲೆ ಕಿರಾಣಿ ಅಂಗಡಿಯ ಬಾಕಿ ತೀರಿಸಿದಳು. ಆ ಅಂಗಡಿಯವರು ಬರಗಾಲವಿಡೀ ನಮಗೆ ಉದ್ರಿ ಕೊಟ್ಟವರು. ರಾತ್ರಿ ಅಪ್ಪನಿಗೆ ಫೋನು ಹಚ್ಚಿ ಹೇಳಿದಳು. ಆ ಕಡೆಯಿಂದ ಲಾರಿಯ ಸದ್ದಿನ ನಡುವೆ ಕಾಕಾ ಕೇಳಿದ್ದು ನಮಗೂ ಕೇಳಿಸಿತು: "ರಸೀದಿ ಕೊಟ್ಟರೇನು? ತೆಗೆದಿಡು."

ಅವಳು ಬಿ.ಎ. ಮುಗಿಸಿ ಬಿ.ಇಡಿ. ಮಾಡಿದಳು, ಈಗ ಮಕ್ಕಳಿಗೆ ಪಾಠ ಹೇಳುತ್ತಾಳೆ. ಚಿಟಗುಪ್ಪದಾಕಿ ಕಾನೂನು ಓದಿದಳು. ನಾನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ವಿದ್ಯಾರ್ಥಿವೇತನದ ಕಾಲ ಬಂತೆಂದರೆ ಸ್ಟಾಫ್‌ರೂಮಿನ ನನ್ನ ಮೇಜಿನ ಸುತ್ತ ಹುಡುಗಿಯರು ಸೇರುತ್ತಾರೆ. ಈಗ ಎಲ್ಲ ಎಸ್‌ಎಸ್‌ಪಿಯಲ್ಲಿ, ರಾಜ್ಯದ ಒಂದೇ ಪೋರ್ಟಲ್. ಪ್ರಮಾಣಪತ್ರದ ಆರ್‌ಡಿ ನಂಬರು ಹಾಕಿದರೆ ವಿವರ ತಾನೇ ಬರುತ್ತದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು, ಕಾಗದಗಳಿಗೆ ಇ-ದೃಢೀಕರಣ ಆಗಬೇಕು. ಓಡಾಟ ಕಡಿಮೆಯಾಗಿದೆ, ಸ್ಪೆಲಿಂಗಿನ ಕಾಟ ಹಾಗೇ ಇದೆ. 2021ರಲ್ಲಿ ರೈತರ ಮಕ್ಕಳಿಗೆಂದು ವಿದ್ಯಾನಿಧಿ ಬಂತು. ಬಿ.ಎ., ಬಿ.ಎಸ್‌ಸಿ., ಬಿ.ಕಾಂ. ಓದುವ ಹುಡುಗರಿಗೆ 5,000, ಹುಡುಗಿಯರಿಗೆ 5,500 ಎಂದು ಆಗ ಗೊತ್ತುಮಾಡಿದ್ದರು. ಮುಂದೆ ಅದನ್ನು ಕೃಷಿ ಕೂಲಿಗಳು, ನೇಕಾರರು, ಮೀನುಗಾರರು, ಆಟೊ-ಟ್ಯಾಕ್ಸಿ ಓಡಿಸುವವರ ಮಕ್ಕಳಿಗೂ ಚಾಚಿದರು. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ ಪದವಿಗೆ ಸೇರಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನಿಂದ ವರ್ಷಕ್ಕೆ 30,000 ರೂಪಾಯಿ ಬರುವುದು ಈಚಿನದು. ಆ ದುಡ್ಡು ನೋಡಿ ಮದುವೆ ಮುಂದಕ್ಕೆ ಹಾಕಿದ ಮನೆಗಳನ್ನು ನಾನು ಬಲ್ಲೆ.

ಕಾಕಾ ಈಗ ಸ್ಟೇರಿಂಗ್ ಬಿಟ್ಟಿದ್ದಾರೆ, ಬಂಗ್ಲಾದಲ್ಲೇ ಒಂದು ಗ್ಯಾರೇಜಿನಲ್ಲಿ ಕೂರುತ್ತಾರೆ. ಅಲ್ಲಿ ಗಾಡಿ ನಿಲ್ಲಿಸುವ ಡ್ರೈವರುಗಳನ್ನೆಲ್ಲ ಹಿಡಿದು ಕೇಳುವುದು ಅವರಿಗೆ ರೂಢಿಯಾಗಿದೆ: "ಮಗಳು ಎಷ್ಟನೆತ್ತಾ ಓದ್ಲತ್ತಾಳ? ರೇಷನ್ ಕಾರ್ಡ್ ಎಲ್ಲದ? ಗಾಡ್ಯಾಗ ಇಟ್ಕೋಬ್ಯಾಡ, ಮನ್ಯಾಗ ಇಡು." ಆಮೇಲೆ ನನ್ನ ನಂಬರು ಕೊಡುತ್ತಾರೆ. ಹೀಗೆ ಬರುವ ಫೋನುಗಳಲ್ಲಿ ಹುಡುಗಿಯರು ನೇರವಾಗಿ ವಿಷಯಕ್ಕೆ ಬರುವುದಿಲ್ಲ. ಅಕ್ಕಾ ಆರಾಮ್ ಅದೀರೇನ್ರಿ ಎಂದು ಕೇಳಿ, ಕಾಲೇಜಿನ ಸುದ್ದಿ ಹೇಳಿ, ಇಡುವ ಹೊತ್ತಿಗೆ ಮೆಲ್ಲಗೆ ಕೇಳುತ್ತಾರೆ: "ಅದು ತಿರುಗಿ ಕೊಡಬೇಕಾಗ್ತದೇನ್ರಿ?" ಆಗ ನಾನು ಡೀಸೆಲಿನಿಂದ ಶುರುಮಾಡುತ್ತೇನೆ.